ಜಾರಿ ಬಿದ್ದವರು ಮರಳಿ ಬಂದಾಗ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಆತ ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ, "ಸಾರ್, ಹತ್ತನೇ ತರಗತಿಯಲ್ಲಿ ನೀವು ಬರೆಸಿದ ಇಸವಿಗಳೆಲ್ಲ ಮರೆತುಹೋಗಿವೆ. ಆದರೆ 'ನಿಜವಲ್ಲದ್ದರ ಕೆಳಗೆ ಸಹಿ ಹಾಕಬೇಡಿ' ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಿರಲ್ಲ, ಅದು ಮಾತ್ರ ನೆನಪಿದೆ. ದಿನಾ ಸಹಿ ಹಾಕುವ ಕೆಲಸವೇ ನನ್ನದು. ಇತಿಹಾಸದ ಪಾಠಕ್ಕೂ ಆ ಮಾತಿಗೂ ಏನು ಸಂಬಂಧ ಸಾರ್?" ಎಂದು ಕೇಳಿದ. ನಾನು ನಕ್ಕು ಮಾತು ತೇಲಿಸಿದೆ. ಆದರೆ ಅಂದು ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ.

ಸಂಬಂಧವಿದೆ. ಒಂದಲ್ಲ, ಎರಡು ಕಥೆಗಳ ಸಂಬಂಧವಿದೆ. ಒಂದು ಸಾವಿರದ ಏಳುನೂರು ವರ್ಷಗಳಿಗೂ ಹಿಂದಿನದು, ಆಫ್ರಿಕದ ಉತ್ತರ ತೀರದ್ದು. ಇನ್ನೊಂದು ನನ್ನದೇ. ಎರಡನೆಯದನ್ನು ನನ್ನ ಪತ್ನಿಯೊಬ್ಬಳನ್ನು ಬಿಟ್ಟು ಮನೆಯವರಾರೂ ಕೇಳಿಲ್ಲ. ಇತಿಹಾಸದ ಮೇಷ್ಟ್ರಾದ್ದರಿಂದ ಹಳೆಯದನ್ನೇ ಮೊದಲು ಹೇಳುತ್ತೇನೆ. ಹಾಗೆ ಹೇಳಿದರೆ ಹೊಸದನ್ನು ಹೇಳುವ ಧೈರ್ಯವೂ ಬರಬಹುದೆಂಬ ಆಸೆ.

ಡೀಸಿಯಸ್ ಚಕ್ರವರ್ತಿಯ ಆಜ್ಞೆ

ಕ್ರಿ.ಶ. 248ರಲ್ಲಿ ರೋಮ್ ನಗರವು ತನ್ನ ಸಾವಿರದ ವರ್ಷವನ್ನು ವೈಭವದಿಂದ ಆಚರಿಸಿಕೊಂಡಿತು. ಹೊರಗೆ ವೈಭವ, ಒಳಗೆ ಭಯ. ಡ್ಯಾನ್ಯೂಬ್ ನದಿಯಾಚೆ ಗಾಥ್ ಜನರ ಹಾವಳಿ, ಪೂರ್ವದಲ್ಲಿ ಪರ್ಷಿಯದ ಕಾಟ. ಒಬ್ಬ ಚಕ್ರವರ್ತಿಯನ್ನು ಕೊಂದು ಇನ್ನೊಬ್ಬ ಪಟ್ಟಕ್ಕೇರುವ ಕಾಲ ಅದು. 249ರಲ್ಲಿ ಫಿಲಿಪ್ಪನನ್ನು ಸೋಲಿಸಿ ಡೀಸಿಯಸ್ ಎಂಬ ಸೇನಾಪತಿ ಚಕ್ರವರ್ತಿಯಾದ. ಹಳೆಯ ದೇವತೆಗಳ ಕೃಪೆ ತಪ್ಪಿದ್ದೇ ಸಾಮ್ರಾಜ್ಯದ ಕಷ್ಟಗಳಿಗೆಲ್ಲ ಕಾರಣವೆಂಬುದು ಅವನಂಥವರ ನಂಬಿಕೆ. ಸಾಮ್ರಾಜ್ಯದ ನಿವಾಸಿಗಳೆಲ್ಲರೂ ಅಧಿಕಾರಿಗಳ ಎದುರಿಗೆ ದೇವತೆಗಳಿಗೆ ಬಲಿಯರ್ಪಿಸಿ, ಪಾನಾರ್ಪಣೆ ಮಾಡಿ, ಬಲಿಯ ಮಾಂಸವನ್ನು ರುಚಿ ನೋಡಬೇಕೆಂದು ಆತ ಆಜ್ಞೆ ಹೊರಡಿಸಿದ. ಹಾಗೆ ಮಾಡಿದವರಿಗೆ ಅಧಿಕಾರಿಗಳ ಸಹಿಯುಳ್ಳ ಒಂದು ಪ್ರಮಾಣಪತ್ರ ದೊರೆಯುತ್ತಿತ್ತು.

ಈ ಪ್ರಮಾಣಪತ್ರಗಳು ಬರಿಯ ಕಥೆಯಲ್ಲ. ಈಜಿಪ್ಟಿನ ಒಣ ಮರಳಿನಲ್ಲಿ ಇಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ದೊರೆತಿವೆ. ಅವುಗಳಲ್ಲಿ ಮೊದಲನೆಯದು ಅಚ್ಚಾಗಿ ವಿದ್ವಾಂಸರ ಕೈಗೆ ಬಂದದ್ದು 1893ರಲ್ಲಿ. ಎಲ್ಲವೂ ನಮ್ಮ ಕಚೇರಿಗಳ ಅರ್ಜಿ ನಮೂನೆಯಂತೆ ಒಂದೇ ಅಚ್ಚಿನಲ್ಲಿವೆ: ಹೆಸರು, ಊರು, ವಯಸ್ಸು, ಗುರುತಿನ ಚಿಹ್ನೆ, ತಾನು ಯಾವಾಗಲೂ ದೇವತೆಗಳಿಗೆ ಬಲಿಯರ್ಪಿಸುತ್ತ ಬಂದವನು, ಈಗಲೂ ನಿಮ್ಮೆದುರು ಅರ್ಪಿಸಿದ್ದೇನೆ ಎಂಬ ಹೇಳಿಕೆ, ದೃಢೀಕರಿಸಿ ಕೊಡಬೇಕೆಂಬ ಕೋರಿಕೆ, ಕೆಳಗೆ ಸಹಿ. ಎಪ್ಪತ್ತೆರಡು ವರ್ಷದ ಡಯೊಜೆನಿಸ್ ಎಂಬ ಮುದುಕನ ಪತ್ರದಲ್ಲಿ ಅವನ ಬಲಹುಬ್ಬಿನ ಮೇಲಿನ ಗಾಯದ ಕಲೆಯನ್ನೂ ಗುರುತಿಗಾಗಿ ಬರೆಯಲಾಗಿದೆ. ಇವರೆಲ್ಲ ಕ್ರೈಸ್ತರೆಂದು ತಿಳಿಯಬಾರದು. ಈಜಿಪ್ಟಿನ ದೇವತೆಯೊಂದರ ಪೂಜಾರಿಣಿಯೊಬ್ಬಳ ಪತ್ರವೂ ಇವುಗಳಲ್ಲಿದೆ. ಆಜ್ಞೆ ಎಲ್ಲರಿಗೂ ಒಂದೇ. ಆದರೆ ಅದು ಬೆಂಕಿಯಾಗಿ ಸುಟ್ಟದ್ದು ಒಬ್ಬನೇ ದೇವರನ್ನು ಆರಾಧಿಸುತ್ತೇವೆಂದು ದೀಕ್ಷಾಸ್ನಾನದಲ್ಲಿ ಮಾತು ಕೊಟ್ಟಿದ್ದ ಕ್ರೈಸ್ತರನ್ನು.

ಒಪ್ಪದವರಿಗೆ ಸೆರೆಮನೆ, ಆಸ್ತಿಯ ಮುಟ್ಟುಗೋಲು, ಗಡಿಪಾರು, ಚಿತ್ರಹಿಂಸೆ. ಸತ್ತವರೂ ಉಂಟು. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲಿಯೇ ಪ್ರಾಣ ಕೊಟ್ಟ.

ಕಾರ್ಥೇಜಿನಲ್ಲಿ ನಡೆದದ್ದು

ಇಂದಿನ ಟ್ಯುನೀಷಿಯ ದೇಶದ ರಾಜಧಾನಿ ಟ್ಯೂನಿಸ್ ನಗರದ ಬಳಿ ಕಾರ್ಥೇಜಿನ ಅವಶೇಷಗಳಿವೆ. ಹ್ಯಾನಿಬಾಲನ ಊರೆಂದು ಅದನ್ನು ನಿಮಗೆ ಪಾಠ ಮಾಡಿದ್ದೆ. ನಾನೀಗ ಹೇಳುತ್ತಿರುವ ಕಾಲಕ್ಕೆ ಅದು ರೋಮನ್ ಆಫ್ರಿಕದ ಮಹಾನಗರ. ಅಲ್ಲಿನ ಬಿಷಪ್ ಸಿಪ್ರಿಯಾನ್. ಮೊದಲು ಹೆಸರಾಂತ ಭಾಷಣಕಲೆಯ ಉಪಾಧ್ಯಾಯ, ಅಂದರೆ ನಮ್ಮ ವೃತ್ತಿಯವನೇ. ನಡುವಯಸ್ಸಿನಲ್ಲಿ ಕ್ರೈಸ್ತನಾಗಿ ಕೆಲವೇ ವರ್ಷಗಳಲ್ಲಿ ಬಿಷಪ್ ಆಗಿದ್ದವನು.

ಆಜ್ಞೆ ಬಂದಾಗ ತನ್ನ ಸಭೆಯ ಜನ ಏನು ಮಾಡಿದರೆಂದು ಸಿಪ್ರಿಯಾನನೇ ಬರೆದಿಟ್ಟಿದ್ದಾನೆ. ಓದಿದರೆ ಸಂಕಟವಾಗುತ್ತದೆ. ಯಾರೂ ಹಿಡಿದೆಳೆಯುವ ಮೊದಲೇ ಜನ ತಾವಾಗಿ ದೇವಾಲಯದ ಗುಡ್ಡ ಹತ್ತಿದರು. ಅಕ್ಕಪಕ್ಕದವರನ್ನು ಕರೆದುಕೊಂಡು ಹೋದರು. ಕಂಕುಳಲ್ಲಿದ್ದ ಕೂಸುಗಳನ್ನೂ ಹೊತ್ತೊಯ್ದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇಂದೇ ಮುಗಿಸಿಕೊಡಿರೆಂದು ಗೋಗರೆದರು. ಅನೇಕ ವರ್ಷಗಳ ನೆಮ್ಮದಿಯಲ್ಲಿ ಬೆಳೆದಿದ್ದ ಸಭೆ ಅದು. ಪರೀಕ್ಷೆ ಬಂದ ದಿನ ಬಹುಮಂದಿ ನಿಲ್ಲಲಾರದೆ ಹೋದರು.

ಇವರನ್ನು ಲ್ಯಾಟಿನ್ ಭಾಷೆಯಲ್ಲಿ 'ಲಾಪ್ಸಿ' ಎಂದು ಕರೆದರು. ಜಾರಿ ಬಿದ್ದವರು ಎಂದರ್ಥ. ಇವರಲ್ಲಿಯೂ ಬಗೆಗಳಿದ್ದವು. ಬಲಿಯನ್ನೇ ಅರ್ಪಿಸಿದವರು ಒಂದು ಬಗೆ. ಒಂದು ಚಿಟಿಕೆ ಧೂಪ ಹಾಕಿ ಕೈ ತೊಳೆದುಕೊಂಡವರು ಮತ್ತೊಂದು. ಮೂರನೆಯವರು ಬಲಿಪೀಠದ ಹತ್ತಿರ ಸುಳಿಯಲೇ ಇಲ್ಲ. ಅಧಿಕಾರಿಗಳಿಗೆ ಹಣ ಕೊಟ್ಟು ಪ್ರಮಾಣಪತ್ರವನ್ನಷ್ಟೇ ಪಡೆದುಕೊಂಡರು. 'ಲಿಬೆಲ್ಲಾಟಿಕಿ' ಎಂದು ಇವರ ಹೆಸರು. ಕನ್ನಡದಲ್ಲಿ 'ಚೀಟಿಯವರು' ಎನ್ನಬಹುದು. ನಾವೇನೂ ಮಾಡಲಿಲ್ಲವಲ್ಲ, ಬರಿಯ ಕಾಗದವಲ್ಲವೇ ಎಂಬುದು ಇವರ ಸಮಾಧಾನ.

ಈ ಮೂರನೆಯವರನ್ನು ನೆನಪಿಟ್ಟುಕೊಳ್ಳಿ.

ಅಡಗಿಕೊಂಡ ಕುರುಬ

ಸಿಪ್ರಿಯಾನ್ ತಾನೇನು ಮಾಡಿದ? ಬಲಿಯರ್ಪಿಸಲಿಲ್ಲ. ಆದರೆ ನಗರದಲ್ಲಿ ಉಳಿಯಲೂ ಇಲ್ಲ, ಅಡಗಿಕೊಂಡ. ಸರ್ಕಾರ ಅವನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಅಡಗುತಾಣದಿಂದಲೇ ಆತ ಪತ್ರಗಳ ಮೂಲಕ ಸಭೆಯನ್ನು ನಡೆಸಿದ. ಸೆರೆಯಲ್ಲಿದ್ದವರಿಗೂ ಬಡವರಿಗೂ ಹಣ ಮುಟ್ಟಿಸಿದ. ಆದರೂ ಜನ ಆಡಿಕೊಳ್ಳದೆ ಬಿಡುತ್ತಾರೆಯೇ? ರೋಮಿನ ಪಾದ್ರಿಗಳಿಂದ ಒಂದು ಪತ್ರ ಬಂತು. ಅದರಲ್ಲಿ ಒಳ್ಳೆಯ ಕುರುಬನ ಮತ್ತು ತೋಳ ಬಂದಾಗ ಕುರಿಗಳನ್ನು ಬಿಟ್ಟು ಓಡುವ ಕೂಲಿಯಾಳಿನ ಪ್ರಸ್ತಾಪವಿತ್ತು. ಬಾಣ ಯಾರತ್ತ ಎಂಬುದು ಸ್ಪಷ್ಟ. ಸಿಪ್ರಿಯಾನ್, ಈ ಪತ್ರ ನಿಜವಾಗಿ ನಿಮ್ಮದೇ ಹೌದೋ ನೋಡಿ ತಿಳಿಸಿ ಎಂದು ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದ!

ಬೀಳದವನೂ ತನ್ನ ಜನರ ಮುಂದೆ ತಲೆಯೆತ್ತಿ ನಿಲ್ಲುವಂತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಬಿದ್ದವರ ವಿಚಾರಣೆ ಮಾಡಬೇಕಾದವನ ಮೇಲೆಯೇ ಒಂದು ಅನುಮಾನ ತೂಗುತ್ತಿತ್ತು.

ಎರಡು ಸುಲಭದ ದಾರಿಗಳು

ಕಾವು ಇಳಿಯುತ್ತ ಬಂದಂತೆ ಬಿದ್ದವರು ಮರಳಿ ಬಂದು ಸಭೆಯ ಬಾಗಿಲಲ್ಲಿ ನಿಂತರು. ಇವರನ್ನು ಏನು ಮಾಡಬೇಕು? ಹಳೆಯ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿರಲಿಲ್ಲ. ಒಬ್ಬಿಬ್ಬರು ಬಿದ್ದರೆ ಒಂದು ಮಾತು, ಊರಿಗೆ ಊರೇ ಬಿದ್ದರೆ?

ಒಂದು ಸುಲಭದ ದಾರಿ ಸೆರೆಮನೆಯಿಂದ ಬಂತು. ಚಿತ್ರಹಿಂಸೆಯಲ್ಲಿಯೂ ನಂಬಿಕೆ ಬಿಡದವರ ಮಾತಿಗೆ ಆ ಕಾಲದಲ್ಲಿ ಬಹಳ ಬೆಲೆ. ಬಿದ್ದವರು ಅವರ ಬಳಿ ಹೋಗಿ, ನಮ್ಮನ್ನು ಸೇರಿಸಿಕೊಳ್ಳುವಂತೆ ಒಂದು ಚೀಟಿ ಬರೆದುಕೊಡಿರೆಂದು ಬೇಡಿದರು. ಕೆಲವರು ಉದಾರವಾಗಿ ಬರೆದುಕೊಟ್ಟರು. ಇಂಥವನನ್ನು ಅವನ ಮನೆಯವರೊಂದಿಗೆ ಸೇರಿಸಿಕೊಳ್ಳಿ ಎಂಬ ಚೀಟಿಗಳೂ ಹೊರಟವು. ಮನೆಯವರೆಂದರೆ ಐದು ಜನವೋ ಐವತ್ತು ಜನವೋ! ಕಡೆಗೆ ಲೂಸಿಯನ್ ಎಂಬ ಸೆರೆಯಾಳು ಬಿದ್ದವರೆಲ್ಲರಿಗೂ ಒಟ್ಟಿಗೇ ಕ್ಷಮೆಯೆಂದು ಬರೆದ. ಸುಳ್ಳು ಚೀಟಿಯಿಂದ ಬಿದ್ದವರು ಇನ್ನೊಂದು ಚೀಟಿಯಿಂದ ಏಳಲು ಹೊರಟಿದ್ದರು. ಪಶ್ಚಾತ್ತಾಪವೂ ಇಲ್ಲದೆ, ಏನು ನಡೆಯಿತೆಂದು ಬಾಯಿಬಿಟ್ಟು ಹೇಳುವುದೂ ಇಲ್ಲದೆ ದೊರೆಯುವ ಇಂಥ ಕ್ಷಮೆಯನ್ನು ಸಿಪ್ರಿಯಾನ್ ಒಪ್ಪಲಿಲ್ಲ. ಗಾಯವನ್ನು ತೊಳೆಯದೆ ಮೇಲೆ ಬಟ್ಟೆ ಸುತ್ತಿದಂತಾಗುತ್ತದೆ ಎಂಬುದು ಅವನ ವಾದದ ತಿರುಳು.

ಹಾಗೆಂದು ಆ ಸೆರೆಯಾಳುಗಳನ್ನು ಹಗುರವಾಗಿ ಕಾಣಬಾರದು. ಅವರಲ್ಲಿ ಸೆಲೆರಿನಸ್ ಎಂಬ ಯುವಕನ ಪತ್ರವೊಂದು ಉಳಿದು ಬಂದಿದೆ. ರೋಮಿನಲ್ಲಿ ಹತ್ತೊಂಬತ್ತು ದಿನ ಕೋಳದಲ್ಲಿ ಬಿದ್ದಿದ್ದೂ ಮಣಿಯದವನು. ಹೊರಬಂದು ನೋಡಿದರೆ ತನ್ನ ಸ್ವಂತ ಸೋದರಿ ಬಲಿಯರ್ಪಿಸಿ ಬಿದ್ದಿದ್ದಾಳೆ. ತಾನು ಗೆದ್ದೆನೆಂಬ ಬಿಗುಮಾನ ಅವನ ಪತ್ರದಲ್ಲಿ ಎಲ್ಲಿಯೂ ಇಲ್ಲ. ಈಸ್ಟರ್ ಹಬ್ಬದ ದಿನಗಳಲ್ಲಿಯೂ ಹಗಲಿರುಳು ಅತ್ತೆನೆಂದು ಬರೆಯುತ್ತಾನೆ. ಬಿದ್ದ ಹೆಂಗಸರು ಈಗ ಬಂದರಿಗೆ ಹೋಗಿ, ಕಾರ್ಥೇಜಿನಿಂದ ಬಂದ ಅರವತ್ತೈದು ಮಂದಿಯನ್ನು ಎದುರುಗೊಂಡು ಕರೆತಂದು ಸೇವೆ ಮಾಡುತ್ತಿದ್ದಾರೆ, ಅವರಿಗೆ ಕ್ಷಮೆ ದೊರೆಯಲಿ ಎಂದು ಅಂಗಲಾಚುತ್ತಾನೆ. ಮುಂದೆ ಸಿಪ್ರಿಯಾನ್ ಇದೇ ಯುವಕನನ್ನು ಸಭೆಯಲ್ಲಿ ವೇದ ಓದುವ ಕೆಲಸಕ್ಕೆ ನೇಮಿಸಿಕೊಂಡ.

ಇನ್ನೊಂದು ಸುಲಭದ ದಾರಿ ರೋಮಿನ ನೊವೇಶಿಯನ್ನನದು. ಆತ ಮಹಾ ಪಂಡಿತ. ತ್ರಿತ್ವದ ಕುರಿತು ಅವನು ಬರೆದ ಗ್ರಂಥ ಇಂದಿಗೂ ಉಳಿದಿದೆ. 251ರ ಮಾರ್ಚಿನಲ್ಲಿ ಕಾರ್ನೀಲಿಯಸ್ ರೋಮಿನ ಬಿಷಪ್ ಆಗಿ ಆಯ್ಕೆಯಾದಾಗ ನೊವೇಶಿಯನ್ ಎದುರು ನಿಂತು ತಾನೂ ಬಿಷಪ್ ಪಟ್ಟ ಕಟ್ಟಿಸಿಕೊಂಡ. ಬಿದ್ದವರಿಗೆ ಸಭೆಯಲ್ಲಿ ಮತ್ತೆ ಸ್ಥಾನವಿಲ್ಲ, ಅವರು ಸಾಯುವತನಕ ಪಶ್ಚಾತ್ತಾಪ ಪಡುತ್ತಿರಲಿ, ದೇವರು ಕ್ಷಮಿಸಿದರೆ ಕ್ಷಮಿಸಲಿ, ಸಭೆ ಮಾತ್ರ ಬಾಗಿಲು ತೆರೆಯಲಾರದು ಎಂಬುದು ಅವನ ಪಕ್ಷ. ಶುದ್ಧರ ಸಭೆ ಎಂಬ ಹೆಸರೇ ಅವರಿಗೆ ಅಂಟಿತು.

ಯೋಚಿಸಿ ನೋಡಿದರೆ ಈ ಎರಡು ದಾರಿಗಳಲ್ಲಿ ಒಂದು ಸಮಾನ ಅಂಶವಿದೆ. ಎರಡರಲ್ಲಿಯೂ ಬಿದ್ದವನ ಎದುರು ಕುಳಿತು ಅವನ ಕಥೆಯನ್ನು ಕೇಳುವ ಕಷ್ಟವಿಲ್ಲ. ಎಲ್ಲರಿಗೂ ಹೌದು ಎಂದರೂ ಕೇಳಬೇಕಾಗಿಲ್ಲ. ಎಲ್ಲರಿಗೂ ಇಲ್ಲ ಎಂದರೂ ಕೇಳಬೇಕಾಗಿಲ್ಲ.

ಒಬ್ಬೊಬ್ಬರ ಕಥೆ ಕೇಳಿದ ಸಭೆ

251ರಲ್ಲಿ ಸಿಪ್ರಿಯಾನ್ ನಗರಕ್ಕೆ ಹಿಂತಿರುಗಿದ. ಆಫ್ರಿಕದ ಬಿಷಪ್‌ಗಳು ಕಾರ್ಥೇಜಿನಲ್ಲಿ ಸೇರಿ ದೀರ್ಘವಾಗಿ ಚರ್ಚಿಸಿದರು. ಅವರು ಹಿಡಿದದ್ದು ಕಷ್ಟದ ದಾರಿ. ಒಬ್ಬೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಚೀಟಿಯವರನ್ನು ವಿಚಾರಣೆಯ ನಂತರ ಸೇರಿಸಿಕೊಳ್ಳಬಹುದು. ಬಲಿಯರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರಬೇಕು. ಆದರೆ ಸಾವು ಸಮೀಪಿಸಿದರೆ ಅವರಿಗೂ ಸಮಾಧಾನವನ್ನು ನಿರಾಕರಿಸಬಾರದು.

ಏಕೆ ಹೀಗೆ ಎಂದು ಸಿಪ್ರಿಯಾನ್ ಒಂದು ಪತ್ರದಲ್ಲಿ ವಿವರಿಸಿದ್ದಾನೆ. ಕರೆದ ಕೂಡಲೆ ಓಡಿಹೋಗಿ ಬಲಿ ಕೊಟ್ಟವನೂ, ಬಹಳ ಹೊತ್ತು ಹೋರಾಡಿ ಕಡೆಗೆ ಸೋತವನೂ ಒಂದೇ ಅಲ್ಲ. ತಾನೊಬ್ಬನೇ ಹೋಗಿ ಬಲಿಯರ್ಪಿಸಿ ಹೆಂಡತಿ ಮಕ್ಕಳನ್ನೂ ಇಡೀ ಮನೆಯನ್ನೂ ಆ ಅಪಾಯದಿಂದ ಕಾಪಾಡಿದವನಿದ್ದಾನೆ. ಅವನನ್ನೂ ಎಲ್ಲರನ್ನೂ ಎಳೆದುಕೊಂಡು ಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇನ್ನೊಂದು ಪತ್ರದಲ್ಲಿ ಮೂವರ ವಿಷಯ ಬರುತ್ತದೆ. ಅವರು ಮೊದಲು ಧೈರ್ಯದಿಂದ ನಿಂತು, ಮತ್ತೆ ಮತ್ತೆ ಹಿಂಸೆಗೆ ಗುರಿಯಾಗಿ, ಕೊನೆಗೆ ದೇಹ ತಾಳದೆ ಸೋತವರು. ಆಮೇಲೆ ಮೂರು ವರ್ಷ ಅತ್ತಿದ್ದಾರೆ. ಇವರಿಗೆ ಇಷ್ಟು ಸಾಕಾಗಿದೆ ಎಂಬುದು ಸಿಪ್ರಿಯಾನನ ಅಭಿಪ್ರಾಯ. ಅವರ ಮನಸ್ಸು ಸೋತಿರಲಿಲ್ಲ, ಮೈ ಸೋತಿತ್ತು.

ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಸುದ್ದಿ ಹಬ್ಬಿತು. ಮಹಾಮಾರಿಯೊಂದು ನಗರಗಳನ್ನು ಬರಿದು ಮಾಡುತ್ತಿತ್ತು. ಆಗ ಬಿಷಪ್‌ಗಳು ಮತ್ತೆ ಸೇರಿ, ಪಶ್ಚಾತ್ತಾಪದಲ್ಲಿ ಉಳಿದುಕೊಂಡಿದ್ದವರೆಲ್ಲರನ್ನೂ ಸೇರಿಸಿಕೊಳ್ಳಲು ನಿರ್ಧರಿಸಿದರು. ಮುಂದಿನ ಪರೀಕ್ಷೆಗೆ ಅವರನ್ನು ನಿರಾಯುಧರಾಗಿ ಕಳುಹಿಸಬಾರದು, ಕರ್ತನ ಭೋಜನದ ಬಲವಿಲ್ಲದೆ ಅವರು ಹೇಗೆ ನಿಂತಾರು ಎಂಬುದು ಅವರು ಕೊಟ್ಟ ಕಾರಣ. ನನಗೆ ಈ ಮಾತು ಬಹಳ ದೊಡ್ಡದಾಗಿ ಕಾಣುತ್ತದೆ. ಮೊದಲು ಯೋಗ್ಯತೆ ತೋರಿಸು, ಆಮೇಲೆ ಕ್ಷಮೆ ಎಂದು ಅವರು ಹೇಳಲಿಲ್ಲ. ಕ್ಷಮೆ ಪಡೆದವನೇ ನಿಲ್ಲಬಲ್ಲನು ಎಂದು ಹೇಳಿದರು.

ಮುದುಕ ಸೆರಾಪಿಯನ್

ಅದೇ ಕಾಲದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ನಡೆದ ಒಂದು ಘಟನೆಯನ್ನು ಅಲ್ಲಿನ ಬಿಷಪ್ ಡಯೊನಿಸಿಯಸ್ ಒಂದು ಪತ್ರದಲ್ಲಿ ಬರೆದಿದ್ದಾನೆ. ಇತಿಹಾಸಕಾರ ಯೂಸೇಬಿಯಸ್ ಅದನ್ನು ತನ್ನ ಗ್ರಂಥದಲ್ಲಿ ಉಳಿಸಿಕೊಟ್ಟಿದ್ದಾನೆ.

ಸೆರಾಪಿಯನ್ ಎಂಬ ಮುದುಕ. ಬಹುಕಾಲ ನಿಷ್ಕಳಂಕವಾಗಿ ಬಾಳಿ ಹಿಂಸೆಯ ದಿನಗಳಲ್ಲಿ ಬಲಿಯರ್ಪಿಸಿಬಿಟ್ಟ. ಆಮೇಲೆ ಎಷ್ಟು ಬೇಡಿದರೂ ಯಾರೂ ಅವನತ್ತ ಗಮನ ಕೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತೂ ಪ್ರಜ್ಞೆಯೂ ಇಲ್ಲದೆ ಮಲಗಿದ್ದ. ನಾಲ್ಕನೆಯ ದಿನ ಸ್ವಲ್ಪ ಎಚ್ಚರವಾದಾಗ ಮಗಳ ಮಗನನ್ನು ಕರೆದು, ಬೇಗ ಹೋಗಿ ಹಿರಿಯರೊಬ್ಬರನ್ನು ಕರೆತಾ ಎಂದ. ಮತ್ತೆ ಮಾತು ನಿಂತಿತು. ಹುಡುಗ ಓಡಿದ. ಆಗ ರಾತ್ರಿ. ಆ ಪಾದ್ರಿಯೂ ಕಾಯಿಲೆಯಿಂದ ಮಲಗಿದ್ದಾನೆ, ಎದ್ದು ಬರಲಾರ. ಆದರೆ ಸಾಯುವವರು ಕೇಳಿದರೆ, ಅದರಲ್ಲಿಯೂ ಮೊದಲೇ ಬೇಡಿಕೊಂಡಿದ್ದವರಾದರೆ, ಕ್ಷಮೆಯನ್ನು ತಡೆಯಬಾರದೆಂದು ಬಿಷಪ್‌ನ ಆದೇಶವಿತ್ತು. ಪಾದ್ರಿ ಪ್ರಭುಭೋಜನದ ರೊಟ್ಟಿಯ ಒಂದು ಚೂರನ್ನು ಹುಡುಗನ ಕೈಗೆ ಕೊಟ್ಟು, ಇದನ್ನು ನೆನೆಸಿ ತಾತನ ಬಾಯಿಗೆ ಹನಿಸು ಎಂದು ಹೇಳಿ ಕಳುಹಿಸಿದ. ಹುಡುಗ ಮನೆಯೊಳಗೆ ಕಾಲಿಡುವ ಮೊದಲೇ ಸೆರಾಪಿಯನ್ ಮತ್ತೆ ಎಚ್ಚೆತ್ತು, ಬಂದೆಯಾ ಮಗು, ಅವರು ಬರಲಾಗಲಿಲ್ಲ, ಹೇಳಿದಂತೆ ಬೇಗ ಮಾಡಿ ನನ್ನನ್ನು ಬಿಡಿಸು ಎಂಬರ್ಥದ ಮಾತಾಡಿದ. ಹುಡುಗ ನೆನೆಸಿ ಹನಿಸಿದ. ಮುದುಕ ಅದನ್ನು ನುಂಗಿ ಪ್ರಾಣ ಬಿಟ್ಟ.

ಊರಿನ ಮಹಾಸಭೆಗಳಲ್ಲಿ ವರ್ಷಗಟ್ಟಲೆ ವಾದವಾದ ಕ್ಷಮೆಯನ್ನು ಆ ರಾತ್ರಿ ಒಂದು ಮಗು ಅಂಗೈಯಲ್ಲಿ ಹಿಡಿದು ಓಡಿಬಂತು.

ಸಿಪ್ರಿಯಾನನ ಕಥೆಯನ್ನೂ ಮುಗಿಸಿಬಿಡುತ್ತೇನೆ. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಮತ್ತೆ ಹಿಂಸೆ ಬಂದಾಗ ಅಂದು ಅಡಗಿದ್ದವನು ಅಡಗಲಿಲ್ಲ. 258ರ ಸೆಪ್ಟೆಂಬರ್ 14ರಂದು ತನ್ನ ಜನರ ಕಣ್ಣೆದುರಿಗೆ ಕತ್ತಿಗೆ ಕೊರಳೊಡ್ಡಿದ. ತನ್ನನ್ನು ಕೊಲ್ಲುವವನಿಗೆ ಇಪ್ಪತ್ತೈದು ಚಿನ್ನದ ನಾಣ್ಯ ಕೊಡುವಂತೆ ಹೇಳಿದ. ನೊವೇಶಿಯನ್ನನ ಶುದ್ಧರ ಸಭೆ ಕೆಲವು ಶತಮಾನ ಬಾಳಿತು. 325ರ ನೈಸಿಯ ಮಹಾಸಭೆಗೆ ಬಂದಿದ್ದ ಆ ಪಕ್ಷದ ಬಿಷಪ್ ಅಸೇಸಿಯಸನಿಗೆ ಕಾನ್‌ಸ್ಟಂಟೈನ್ ಚಕ್ರವರ್ತಿಯು, ಹಾಗಾದರೆ ಏಣಿಯೊಂದನ್ನು ಹಾಕಿಕೊಂಡು ಸ್ವರ್ಗಕ್ಕೆ ನೀನೊಬ್ಬನೇ ಹತ್ತಿಹೋಗು ಎಂದನೆಂಬ ಕಥೆ ಪ್ರಸಿದ್ಧವಾಗಿದೆ.

ಎರಡು ಬೆಂಕಿಗಳು

ಕಾರ್ಥೇಜಿನವರು ಈ ದಾರಿಯನ್ನು ತಾವೇ ಕಂಡುಹಿಡಿದದ್ದಲ್ಲ. ಅವರ ನಂಬಿಕೆಯ ಮೂಲದಲ್ಲಿಯೇ ಜಾರಿ ಬಿದ್ದವನೊಬ್ಬನಿದ್ದ. ಯೇಸುವಿನ ಶಿಷ್ಯರಲ್ಲಿ ಮುಂದಾಳು ಪೇತ್ರ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಲ ಬೆಂಕಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದರು. ಅಲ್ಲಿ ನಿಂತು ಪೇತ್ರ, ಆತನನ್ನು ನಾನರಿಯೆನೆಂದು ಮೂರು ಸಲ ಹೇಳಿದ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಮತ್ತೊಂದು ಇದ್ದಲ ಬೆಂಕಿ ಬರುತ್ತದೆ, ಈ ಸಲ ಸರೋವರದ ದಂಡೆಯಲ್ಲಿ. ಗ್ರೀಕ್ ಮೂಲದ ಹೊಸ ಒಡಂಬಡಿಕೆಯಲ್ಲಿ ಇದ್ದಲ ಬೆಂಕಿ ಎಂಬ ಆ ಪದ ಬರುವುದು ಈ ಎರಡೇ ಕಡೆಗಳಲ್ಲಿ. ಅಲ್ಲಿ ಯೇಸು ಮೀನು ಸುಟ್ಟು ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದಾನೆ. ಮೊದಲು ಉಣ್ಣಲು ಕರೆಯುತ್ತಾನೆ. ಉಂಡಾದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುತ್ತಾನೆ. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತೆಂದು ಬರೆದಿದೆ. ನೋವಾಗದಿರುತ್ತದೆಯೇ? ಮೂರು ಸಲ ಅಲ್ಲವೆಂದದ್ದನ್ನು ಮೂರು ಸಲ ಮುಟ್ಟಿ ನೋಡಿದಂತಾಯಿತು. ಆದರೆ ಕುರಿಗಳನ್ನು ಕಾಯುವ ಕೆಲಸವನ್ನು ಆ ಪ್ರಶ್ನೆಗಳ ಜೊತೆಯಲ್ಲಿಯೇ ಅವನಿಗೆ ಒಪ್ಪಿಸಲಾಯಿತು.

ಕ್ರೈಸ್ತರು ಕೃಪೆ ಎಂದು ಕರೆಯುವುದು ಇದನ್ನೇ. ಅದು ದುಡಿಮೆಗೆ ಸಿಗುವ ಸಂಬಳವಲ್ಲ. ಹಾಗೆಂದು ನಡೆದದ್ದು ನಡೆಯಲೇ ಇಲ್ಲವೆಂದು ನಟಿಸುವುದೂ ಅಲ್ಲ.

ಮೂರನೆಯ ಸಹಿ

ಈಗ ಎರಡನೆಯ ಕಥೆ.

1983ರಲ್ಲಿ ನಾನು ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹುದ್ದೆ ಇನ್ನೂ ಖಾಯಂ ಆಗಿರಲಿಲ್ಲ. ಶಾಲೆಯ ಹೆಸರು ಬೇಡ. ಅಲ್ಲಿ ಹಿರಿಯ ಕನ್ನಡ ಪಂಡಿತರೊಬ್ಬರಿದ್ದರು. ಕಟ್ಟಡ ನಿಧಿಯ ಲೆಕ್ಕವನ್ನು ಸಭೆಯಲ್ಲಿ ಎದ್ದು ನಿಂತು ಕೇಳಿದ್ದೇ ಅವರ ತಪ್ಪು. ಕೆಲವು ವಾರಗಳಲ್ಲಿ ಅವರ ಮೇಲೆ ಒಂದು ಆರೋಪ ತಯಾರಾಯಿತು: ಅಂಕ ಹಾಕಿಕೊಡುವುದಾಗಿ ಹೇಳಿ ಮಕ್ಕಳಿಂದ ಹಣ ಪಡೆದರೆಂದು. ಒಂದು ಮಧ್ಯಾಹ್ನ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಟೈಪ್ ಮಾಡಿದ ಹೇಳಿಕೆಯೊಂದನ್ನು ಮುಂದಿಟ್ಟರು. ಈ ಸಂಗತಿ ನಮಗೆ ತಿಳಿದಿದೆ ಎಂದು ಅದರಲ್ಲಿತ್ತು. ನನಗೆ ಏನೂ ತಿಳಿದಿರಲಿಲ್ಲ. ಪಂಡಿತರು ಅಂಥವರಲ್ಲವೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ನಿಮ್ಮ ಖಾಯಮಾತಿಯ ಕಾಗದವೂ ಮೇಜಿನ ಮೇಲಿದೆ ಎಂದು ಅವರು ಮೃದುವಾಗಿ ಹೇಳಿದರು. ಊರಿನಲ್ಲಿ ತಂದೆಗೆ ಸಾಲವಿತ್ತು, ತಂಗಿಯ ಮದುವೆಯಾಗಬೇಕಿತ್ತು. ನಾನು ಸಹಿ ಹಾಕಿದೆ. ಮೂರನೆಯ ಸಹಿ ನನ್ನದು.

ಡ್ರಾಯಿಂಗ್ ಮೇಷ್ಟ್ರು ಮಾತ್ರ ಹಾಕಲಿಲ್ಲ. ಅವರಿಗೆ ಆದದ್ದು ಇಷ್ಟೇ: ಒಂದು ಇನ್‌ಕ್ರಿಮೆಂಟ್ ತಡವಾಯಿತು.

ಆ ಬೇಸಿಗೆಯಲ್ಲಿ ಪಂಡಿತರು ರಾಜೀನಾಮೆ ಕೊಟ್ಟು ಹೋದರು. ನಾನು ಖಾಯಂ ಆದೆ. ಮುಂದೆ ಬೇರೆ ಊರಿನ ಶಾಲೆಗೆ ಬಂದೆ. ನಿಮ್ಮಲ್ಲಿ ಹೆಚ್ಚಿನವರು ನನ್ನನ್ನು ಕಂಡದ್ದು ಅಲ್ಲಿಯೇ. ನಾನು ಯಾರಿಗೂ ಏನೂ ಮಾಡಲಿಲ್ಲ, ಒಂದು ಕಾಗದವಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಕರ್ತನ ಭೋಜನದ ಭಾನುವಾರ ಬಂದರೆ ಮನೆಯಲ್ಲಿ ಏನಾದರೂ ನೆವ ಹುಡುಕುತ್ತಿದ್ದೆ. ಜ್ವರ, ಪರೀಕ್ಷೆಯ ಪೇಪರು, ಊರಿಂದ ಬರುವ ನೆಂಟರು. ಹತ್ತಾರು ವರ್ಷ ಹೀಗೆಯೇ ಕಳೆಯಿತು.

1999ರ ಬೇಸಿಗೆಯಲ್ಲಿ ನಮ್ಮ ಸಭಾಪಾಲಕರು ಆದಿ ಸಭೆಯ ಚರಿತ್ರೆಯ ಪುಸ್ತಕವೊಂದನ್ನು ಓದಲು ಕೊಟ್ಟರು. ಕಾರ್ಥೇಜಿನ ಚೀಟಿಯವರ ಪುಟಕ್ಕೆ ಬಂದಾಗ ಮುಂದೆ ಓದಲಾಗಲಿಲ್ಲ. ಮರುದಿನ ಅವರ ಬಳಿ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಪ್ರಾರ್ಥನೆ ಮಾಡಿ, "ದೇವರ ಬಳಿ ಕೇಳಿದಿರಿ, ಸರಿ. ಪಂಡಿತರ ಮನೆ ಎಲ್ಲಿದೆಯೆಂದು ಗೊತ್ತೇ?" ಎಂದರು. ಗೊತ್ತಿತ್ತು. ಹೋಗಲು ಇನ್ನೂ ಎರಡು ವರ್ಷ ತೆಗೆದುಕೊಂಡೆ.

2001ರ ಒಂದು ಬೆಳಿಗ್ಗೆ ಬಸ್ಸಿಳಿದು ಅವರ ಮನೆಯ ಬಾಗಿಲಲ್ಲಿ ನಿಂತೆ. ಪಂಡಿತರು ನೋಡಿದ ಕೂಡಲೆ ಗುರುತು ಹಿಡಿದರು. ನಾನು ನಿಂತಲ್ಲಿಯೇ ಆರಂಭಿಸಲು ಹೋದೆ. "ದೂರದಿಂದ ಬಂದಿದ್ದೀರಿ ಮೇಷ್ಟ್ರೇ, ಮೊದಲು ತಿನ್ನಿ. ಆಮೇಲೆ ಮಾತು" ಎಂದರು. ಅವರ ಮನೆಯಾಕೆ ಉಪ್ಪಿಟ್ಟು ತಂದಿಟ್ಟರು. ಗಂಟಲಲ್ಲಿ ಇಳಿಯದಿದ್ದರೂ ತಿಂದೆ. ಆಮೇಲೆ ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆನಂತರ, "ನೀವು ಬಂದೀರೆಂದು ಮೊದಲೆರಡು ವರ್ಷ ಕಾದೆ. ಆಮೇಲೆ ಬಿಟ್ಟುಬಿಟ್ಟೆ. ಮಗಳ ಸಂಬಂಧದ ಮಾತುಕತೆಯಲ್ಲಿ ಯಾರೋ ಆ ಕಾಗದದ ವಿಷಯ ಎತ್ತಿದ್ದರು. ಆ ದಿನ ಮಾತ್ರ ನಿಮ್ಮೆಲ್ಲರನ್ನೂ ಶಪಿಸಿದೆ" ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಒಳಗೆ ಹೋಗಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದು ಮುಂದಿಟ್ಟರು. "ಅಂದು ಬರೆದದ್ದು ಸುಳ್ಳೆಂದು ಬರೆದು ಸಹಿ ಹಾಕಿ ಕೊಡಿ. ನನಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಮೊಮ್ಮಕ್ಕಳಿಗೆ ತೋರಿಸುತ್ತೇನೆ. ಒಂದು ಪ್ರತಿಯನ್ನು ಆ ಮಂಡಳಿಗೂ ಕಳುಹಿಸಿ" ಎಂದರು.

ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಗಾಯಿತು. ಪಂಡಿತರು ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ದೀರ್ಘ ತಪ್ಪಿದೆಯೆಂದು ತೋರಿಸಿದರು. ತಿದ್ದಿದೆ. ಹಾಳೆಯನ್ನು ಮಡಿಸಿ ಪುಸ್ತಕದೊಳಗಿಟ್ಟು, "ಆಯಿತು ಬಿಡಿ. ಮಧ್ಯಾಹ್ನ ಊಟಕ್ಕೆ ಇರಿ" ಎಂದರು. ಇದ್ದೆ.

ಮಂಡಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ ಪ್ರತಿಗೆ ಉತ್ತರ ಬರಲಿಲ್ಲ. ತಲುಪಿತೆಂಬ ಸ್ವೀಕೃತಿ ಚೀಟಿ ಮಾತ್ರ ನನ್ನ ಬಳಿ ಇನ್ನೂ ಇದೆ. ಮುಂದಿನ ತಿಂಗಳ ಮೊದಲ ಭಾನುವಾರ ಯಾವ ನೆವವನ್ನೂ ಹೇಳದೆ ದೇವಾಲಯಕ್ಕೆ ಹೋದೆ. ರೊಟ್ಟಿಯ ಚೂರು ಅಂಗೈಗೆ ಬಂದಾಗ ನನಗೆ ನೆನಪಾದದ್ದು ಅಲೆಕ್ಸಾಂಡ್ರಿಯಾದ ಆ ಹುಡುಗ.

ಪಂಡಿತರು 2009ರಲ್ಲಿ ತೀರಿಕೊಂಡರು. ಅವರು ನಮ್ಮ ಸಭೆಯವರಲ್ಲ, ಸಿಪ್ರಿಯಾನನ ಹೆಸರನ್ನೂ ಕೇಳಿದವರಲ್ಲ. ಅವರು ಕಳೆದುಕೊಂಡ ವರ್ಷಗಳನ್ನು ನನ್ನ ಹಾಳೆ ಹಿಂದಕ್ಕೆ ತಂದುಕೊಡಲಿಲ್ಲ. ಅದು ನನಗೆ ಗೊತ್ತಿದೆ. ಆದರೂ ಅವರು ಬಾಗಿಲು ತೆರೆದರು, ನನ್ನಿಂದ ಸತ್ಯವನ್ನೂ ಬರೆಸಿದರು.

ಬ್ಯಾಂಕಿನ ಅಧಿಕಾರಿಯೇ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಳ್ಳುತ್ತೇನೆ. ಆದರೆ ತರಗತಿಯಲ್ಲಿ ನಿಮಗೆ ಅರ್ಧ ಮಾತನ್ನಷ್ಟೇ ಹೇಳಿದ್ದೆ. ಉಳಿದರ್ಧ ಹೀಗಿದೆ: ಎಂದಾದರೂ ಸಹಿ ಹಾಕಿಬಿಟ್ಟಿದ್ದರೆ, ಹದಿನೆಂಟು ವರ್ಷ ಕಾಯಬೇಡಿ. ಮನೆ ಎಲ್ಲಿದೆಯೆಂದು ನಿಮಗೆ ಗೊತ್ತಿರುತ್ತದೆ. ಹೋಗಿ ಬನ್ನಿ.